ಪಟ್ಟಿಯ ತುದಿಗಿಂತ ಬುಡವನ್ನು ನೋಡಬೇಕು

ಪ್ರಾಥಮಿಕ ಶಾಲೆಯ ಮಕ್ಕಳ ಓದನ್ನು ದೇಶದೇಶಗಳ ನಡುವೆ ಹೋಲಿಸುವ ಸಮೀಕ್ಷೆಯ ಫಲಿತಾಂಶ ಹೊರಬಿದ್ದಾಗಲೆಲ್ಲ ಯಾವ ದೇಶಕ್ಕೆ ಎಷ್ಟನೆಯ ಸ್ಥಾನ ಎಂದೇ ಎಲ್ಲರೂ ಮೊದಲು ಕೇಳುತ್ತಾರೆ. ಮಕ್ಕಳ ಓದನ್ನು ಅಳೆಯುವ ಕೆಲಸದಲ್ಲೇ ಇರುವ ನನಗೆ, ಆ ಸಮೀಕ್ಷೆಯಿಂದ ತಿಳಿಯುವ ಸಂಗತಿಗಳಲ್ಲಿ ಅತ್ಯಂತ ಕಡಿಮೆ ಉಪಯೋಗಕ್ಕೆ ಬರುವುದು ಅದೇ ಎನಿಸಿದೆ.

ಐಇಎ ಎಂಬ ಅಂತಾರಾಷ್ಟ್ರೀಯ ಸಂಸ್ಥೆ 2001ರಿಂದ ಐದು ವರ್ಷಕ್ಕೊಮ್ಮೆ ನಡೆಸುತ್ತಿರುವ ಈ ಅಧ್ಯಯನದ ಹೆಸರು ಪರ್ಲ್ಸ್. ಅದು ನಾಲ್ಕನೆಯ ತರಗತಿಯನ್ನು ಆರಿಸಿಕೊಂಡಿರುವುದಕ್ಕೆ ಕಾರಣವಿದೆ: ಅಲ್ಲಿಯವರೆಗೆ ಓದಲು ಕಲಿಯುತ್ತಿದ್ದ ಮಗು ಅಲ್ಲಿಂದ ಮುಂದೆ ಓದಿಯೇ ಬೇರೆಲ್ಲ ವಿಷಯಗಳನ್ನು ಕಲಿಯಬೇಕಾಗುತ್ತದೆ. ಇಲ್ಲಿ ಯಾರೂ ಮಗುವಿನಿಂದ ಗಟ್ಟಿಯಾಗಿ ಓದಿಸುವುದಿಲ್ಲ. ಕಥೆಯೋ ಮಾಹಿತಿಯ ಬರಹವೋ ಆಗಿರುವ ಎರಡು ಪಠ್ಯಗಳನ್ನು ಮಗು ಮನಸ್ಸಿನಲ್ಲೇ ಓದಿಕೊಂಡು ಉತ್ತರಿಸಬೇಕು. ನೇರವಾಗಿ ಹೇಳಿದ್ದನ್ನು ಹುಡುಕುವುದು, ಹೇಳದೆ ಬಿಟ್ಟದ್ದನ್ನು ಊಹಿಸುವುದು, ಬಿಡಿ ಸಂಗತಿಗಳನ್ನು ಕೂಡಿಸಿ ಅರ್ಥೈಸುವುದು, ಬರಹವನ್ನೇ ತೂಗಿ ನೋಡುವುದು, ಈ ನಾಲ್ಕೂ ಬಗೆಯ ಪ್ರಶ್ನೆಗಳು ಇರುತ್ತವೆ.

ಸರಾಗವಾಗಿ ಓದುವುದಕ್ಕೂ ಓದಿದ್ದನ್ನು ಅರ್ಥಮಾಡಿಕೊಳ್ಳುವುದಕ್ಕೂ ಇರುವ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದು ಮಕ್ಕಳ ಪಕ್ಕದಲ್ಲಿ ಕುಳಿತಾಗ ಮಾತ್ರ ಮನವರಿಕೆಯಾಗುತ್ತದೆ. ಒಂದು ಪುಟವನ್ನು ಎಲ್ಲಿಯೂ ತಡವರಿಸದೆ ಓದಿ ಮುಗಿಸಿದ ಮಗುವಿಗೆ, ಕಥೆಯ ಹುಡುಗಿ ಎಲ್ಲಿ ಅಡಗಿಕೊಂಡಳು ಎಂದು ಕೇಳಿದರೆ ಆ ವಾಕ್ಯದ ಮೇಲೆ ಬೆರಳಿಟ್ಟು ತೋರಿಸುತ್ತದೆ. ಏಕೆ ಅಡಗಿಕೊಂಡಳು ಎಂದು ಕೇಳಿದರೆ ಸುಮ್ಮನಾಗುತ್ತದೆ, ಏಕೆಂದರೆ ಆ ಕಾರಣ ಯಾವ ಒಂದು ವಾಕ್ಯದಲ್ಲಿಯೂ ಇರದೆ, ದೂರದೂರ ಇರುವ ಎರಡು ಪ್ಯಾರಾಗಳನ್ನು ಜೋಡಿಸಿಕೊಂಡವರಿಗಷ್ಟೇ ಸಿಗುತ್ತದೆ. ಇಂಥ ಮಗುವನ್ನು ಶಾಲೆ ಚೆನ್ನಾಗಿ ಓದುವ ಮಗುವೆಂದೇ ಬಹಳ ಕಾಲ ನಂಬಿರುತ್ತದೆ.

ಅಂಕಗಳ ವಿಷಯಕ್ಕೆ ಬಂದರೆ, 2001ರ ಸರಾಸರಿಯನ್ನು 500 ಎಂದು ನಿಗದಿ ಮಾಡಿ ಅದೇ ಅಳತೆಗೋಲನ್ನು ಇಂದಿಗೂ ಉಳಿಸಿಕೊಂಡಿರುವುದರಿಂದ ಒಂದು ದೇಶವನ್ನು ಅದರ ಹಿಂದಿನ ಸ್ಥಿತಿಯೊಡನೆ ಹೋಲಿಸಬಹುದು. 400, 475, 550 ಮತ್ತು 625 ಎಂಬ ನಾಲ್ಕು ಹಂತಗಳಲ್ಲಿ 400 ಕನಿಷ್ಠದ್ದು. 2021ರಲ್ಲಿ ಸಿಂಗಪುರ 587 ಅಂಕಗಳೊಂದಿಗೆ ಮೊದಲಿತ್ತು. ದಕ್ಷಿಣ ಆಫ್ರಿಕಾ 288ರಲ್ಲಿತ್ತು. ಆದರೆ ನಾನು ಮತ್ತೆ ಮತ್ತೆ ಮರಳಿ ನೋಡುವ ಸಂಖ್ಯೆ ಬೇರೆ: ದಕ್ಷಿಣ ಆಫ್ರಿಕಾದ ಶೇ 81ರಷ್ಟು ಮಕ್ಕಳು ಆ ಕನಿಷ್ಠ ಹಂತವನ್ನೂ ಮುಟ್ಟಲಿಲ್ಲ. 2016ರಲ್ಲಿಯೇ ಇದು ಶೇ 78 ಇತ್ತು. ಆದ್ದರಿಂದ ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿದ್ದೊಂದನ್ನೇ ಕಾರಣವೆಂದು ಹೇಳಿ ಮುಗಿಸುವಂತಿಲ್ಲ. ಶ್ರೀಮಂತ ದೇಶಗಳಿಗೂ ಈ ಚಿಂತೆ ತಪ್ಪಿಲ್ಲ. 524ರ ಸರಾಸರಿ ಪಡೆದ ಜರ್ಮನಿಯಲ್ಲಿ ಸುಮಾರು ಕಾಲುಭಾಗ ಮಕ್ಕಳು 475ರ ಕೆಳಗಿದ್ದರು.

ಭಾಷೆಯ ಲಿಪಿ ಕಷ್ಟದ್ದಾದರೆ ಮಕ್ಕಳು ಹಿಂದುಳಿಯುವುದು ಸಹಜವಲ್ಲವೇ ಎಂದು ಶಿಕ್ಷಕರು ಕೇಳುವುದುಂಟು. ಬರೆದಂತೆ ಓದುವ ಫಿನ್ನಿಶ್ ಭಾಷೆಯಲ್ಲಿ ಅಕ್ಷರ ಕೂಡಿಸಿ ಓದುವುದು ಬೇಗ ಬರುತ್ತದೆ, ಇಂಗ್ಲಿಷಿನಲ್ಲಿ ತಡವಾಗುತ್ತದೆ ಎಂಬುದು ನಿಜ. ಆದರೆ ಸಿಂಗಪುರದ ಮಕ್ಕಳು ಈ ಪರೀಕ್ಷೆ ಬರೆದದ್ದು ಇಂಗ್ಲಿಷಿನಲ್ಲಿಯೇ. ದಕ್ಷಿಣ ಆಫ್ರಿಕಾದ ಬಹುಪಾಲು ಮಕ್ಕಳು ಬರೆದದ್ದು ಕಾಗುಣಿತ ಅಷ್ಟೊಂದು ತೊಡಕಿಲ್ಲದ ಜುಲು, ಷೋಸಾದಂಥ ತಮ್ಮ ಭಾಷೆಗಳಲ್ಲಿ. ನಾಲ್ಕನೆಯ ತರಗತಿಯ ಹೊತ್ತಿಗೆ ಲಿಪಿಗಿಂತ ಪುಸ್ತಕಗಳ ಲಭ್ಯತೆ, ಪದಸಂಪತ್ತು ಮತ್ತು ಓದಿದ್ದರ ಬಗ್ಗೆ ತರಗತಿಯಲ್ಲಿ ನಡೆಯುವ ಮಾತುಕತೆ ಹೆಚ್ಚು ತೂಗುತ್ತವೆ ಎಂಬುದು ನನ್ನ ಅಭಿಪ್ರಾಯ.

2021ರ ಅಂಕಗಳನ್ನು ಬಳಸುವವರು ಇನ್ನೊಂದು ಎಚ್ಚರ ವಹಿಸಬೇಕು. ಸಾಂಕ್ರಾಮಿಕದಿಂದಾಗಿ ಕೆಲವು ದೇಶಗಳು ಪರೀಕ್ಷೆಯನ್ನು ಐದನೆಯ ತರಗತಿಯ ಆರಂಭಕ್ಕೆ ಮುಂದೂಡಿದವು. 577 ಅಂಕ ಪಡೆದ ಐರ್ಲೆಂಡ್ ಅವುಗಳಲ್ಲೊಂದು. ಆ ವಯಸ್ಸಿನಲ್ಲಿ ಕೆಲವು ತಿಂಗಳ ಹಿರಿತನವೂ ಓದಿನಲ್ಲಿ ಎದ್ದು ಕಾಣುವುದರಿಂದ, ಈ ಅಂಕವನ್ನು ಸಿಂಗಪುರದ 587ರ ಪಕ್ಕದಲ್ಲಿಟ್ಟು ಸ್ಥಾನ ಲೆಕ್ಕಹಾಕುವುದು ಸರಿಯಲ್ಲ. ವರದಿಯೇ ಅಂಥ ದೇಶಗಳನ್ನು ಪ್ರತ್ಯೇಕವಾಗಿ ಗುರುತಿಸಿದೆ.