ಹಳೆಯ ಲಾರಿ ಎಂಜಿನ್ನಿನ ಅಶ್ವಶಕ್ತಿಯನ್ನು ಎಲ್ಲಿ ಓದಬೇಕು?

ಕಬ್ಬು ನುರಿಸುವ ಹಂಗಾಮಿನಲ್ಲಿ ಮುಧೋಳ, ಜಮಖಂಡಿ, ಅಥಣಿಯ ರಸ್ತೆಗಳಲ್ಲಿ ಓಡಾಡುವ ಹಳೆಯ ಲಾರಿಗಳ ಮುಂಭಾಗದಲ್ಲಿ 1210, 1613 ಮುಂತಾದ ಸಂಖ್ಯೆಗಳನ್ನು ಈಗಲೂ ಕಾಣಬಹುದು. ಟಾಟಾ ಲಾರಿಗಳ ಈ ಪದ್ಧತಿಯಲ್ಲಿ ಮೊದಲ ಎರಡು ಅಂಕಿಗಳು ಸರಕೂ ಸೇರಿದ ಒಟ್ಟು ತೂಕವನ್ನು ಟನ್ನುಗಳಲ್ಲಿ ಸೂಚಿಸಿದರೆ, ಕೊನೆಯ ಎರಡನ್ನು ಹತ್ತರಿಂದ ಗುಣಿಸಿದಾಗ ಅಂದಾಜು ಅಶ್ವಶಕ್ತಿ ದೊರೆಯುತ್ತದೆ. ಆದ್ದರಿಂದ 1613 ಎಂದರೆ 16 ಟನ್ನು, ಸುಮಾರು 130 ಅಶ್ವಶಕ್ತಿ. ಆದರೆ ಅದು ಲಾರಿ ತಯಾರಾದಾಗಿನ ಮಾತು. ಎಂಜಿನ್ ಒಮ್ಮೆ ಬದಲಾದ ಮೇಲೆ ಆ ಫಲಕವನ್ನು ನೆಚ್ಚಿಕೊಳ್ಳುವಂತಿಲ್ಲ.

ಸಿಲಿಂಡರುಗಳಿರುವ ಎರಕದ ಮುಖ್ಯ ಭಾಗವಾದ ಬ್ಲಾಕಿನ ಮೇಲೆ ಎರಡು ಬಗೆಯ ಸಂಖ್ಯೆಗಳಿರುತ್ತವೆ. ಉಬ್ಬಿಕೊಂಡಿರುವುದು ಎರಕದ ಸಂಖ್ಯೆ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ ಕೆಲಸ ಮಾಡಿದವರಿಗೆ ತಿಳಿದಿರುವಂತೆ, ಅದು ಅಚ್ಚಿನಿಂದಲೇ ಬರುವುದರಿಂದ ಒಂದೇ ಮಾದರಿಯ ಅನೇಕ ಬ್ಲಾಕುಗಳಲ್ಲಿ ಒಂದೇ ಆಗಿರುತ್ತದೆ. ನಯಗೊಳಿಸಿದ ಜಾಗದಲ್ಲಿ ಪಂಚ್‌ನಿಂದ ಹೊಡೆದಿರುವುದೇ ಎಂಜಿನ್ ಸಂಖ್ಯೆ, ಆರ್‌ಸಿಯೊಡನೆ ತಾಳೆ ನೋಡಬೇಕಾದದ್ದೂ ಅದನ್ನೇ. ಟಾಟಾ ಎಂಜಿನ್ನುಗಳಲ್ಲಿ ಅದರ ಆರಂಭದಲ್ಲಿ 697 ಎಂದಿದ್ದರೆ ಆರು ಸಿಲಿಂಡರ್, 97 ಮಿಲಿಮೀಟರ್ ವ್ಯಾಸ ಎಂದು ಅರ್ಥ. 1954ರಲ್ಲಿ ಆರಂಭವಾದ ಡೈಮ್ಲರ್-ಬೆಂಜ್ ಸಹಯೋಗದ ಪರಂಪರೆಯ ಈ ಎಂಜಿನ್ನಿನಲ್ಲಿ ಪಿಸ್ಟನ್ ಚಲಿಸುವ ದೂರ 128 ಮಿಲಿಮೀಟರ್, ಒಟ್ಟು ಗಾತ್ರ 5,675 ಸಿಸಿ. ಲೇಲ್ಯಾಂಡಿನ ಹಳೆಯ ಎಂಜಿನ್ನುಗಳ 370, 400 ಎಂಬ ಹೆಸರುಗಳಾದರೋ ಘನ ಅಂಗುಲಗಳಲ್ಲಿ ಹೇಳಿದ ಗಾತ್ರಗಳು. 400 ಘನ ಅಂಗುಲವೆಂದರೆ ಸುಮಾರು 6.55 ಲೀಟರ್.

ಇಷ್ಟೆಲ್ಲ ತಿಳಿದರೂ ನಮ್ಮ ಕೈಗೆ ಸಿಗುವುದು ಗಾತ್ರವೇ ಹೊರತು ಶಕ್ತಿಯಲ್ಲ. ಡೀಸೆಲ್ ಎಂಜಿನ್ನಿನ ಶಕ್ತಿಯನ್ನು ನಿರ್ಧರಿಸುವುದು ಪ್ರತಿ ಹೊಡೆತಕ್ಕೆ ಎಷ್ಟು ಇಂಧನ ಹೋಗುತ್ತದೆ, ಅದನ್ನು ಉರಿಸಲು ಎಷ್ಟು ಗಾಳಿ ಇದೆ, ನಿಮಿಷಕ್ಕೆ ಎಷ್ಟು ಸುತ್ತು ತಿರುಗಲು ಬಿಟ್ಟಿದ್ದಾರೆ ಎಂಬ ಮೂರು ಸಂಗತಿಗಳು. ಗಾಳಿಯ ವಿಷಯ, ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇದೆಯೋ ಇಲ್ಲವೋ ಎಂಬುದರಿಂದ ಬಹುಮಟ್ಟಿಗೆ ಕಣ್ಣಿಗೇ ಕಾಣುತ್ತದೆ. ಉಳಿದೆರಡಕ್ಕೆ, ಸಿಲಿಂಡರುಗಳಿಗೆ ಡೀಸೆಲ್ ಅಳೆದು ಕೊಡುವ ಇಂಧನ ಪಂಪಿನ ಬಳಿಗೇ ಹೋಗಬೇಕು. ಎಂಜಿನ್ ಗುರುತಿಸುವವರು ಬ್ಲಾಕನ್ನು ಉಜ್ಜಿ ಉಜ್ಜಿ ನೋಡಿ, ಪಂಪಿನ ಮೇಲಿನ ಪುಟ್ಟ ಫಲಕವನ್ನು ಎಣ್ಣೆಯ ಜಿಡ್ಡಿನಲ್ಲೇ ಬಿಟ್ಟುಬಿಡುವುದು ಸಾಮಾನ್ಯ.

ಮೈಕೋ ಅಥವಾ ಬಾಷ್ ಪಂಪಿನ ಮೇಲೆ ‘ಪಿಇಎಸ್ 6 ಎ 95’ ಎಂದು ಆರಂಭವಾಗುವ ಬರಹವಿದ್ದರೆ, 6 ಎಂಬುದು ಸಿಲಿಂಡರುಗಳ ಸಂಖ್ಯೆ, ‘ಎ’ ಪಂಪಿನ ಅಳತೆಯ ವರ್ಗ, 95 ಎಂದರೆ ಡೀಸೆಲನ್ನು ಒತ್ತುವ 9.5 ಮಿಲಿಮೀಟರ್ ವ್ಯಾಸದ ಪ್ಲಂಜರ್. ವೇಗವನ್ನು ನಿಯಂತ್ರಿಸುವ ಗವರ್ನರಿನ ಬರಹ ಇನ್ನೂ ಮುಖ್ಯವಾದುದು. ಅಲ್ಲಿ ‘ಆರ್‌ಎಸ್‌ವಿ 200-1400’ ಎಂದಿದ್ದರೆ ಕೊನೆಯ ಸಂಖ್ಯೆ, ಅಂದರೆ 1400, ಪಂಪಿನ ಪೂರ್ಣ ವೇಗ. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಪಂಪು ಅರ್ಧ ವೇಗದಲ್ಲಿ ತಿರುಗುವುದರಿಂದ ಎಂಜಿನ್ನಿನ ವೇಗ 2,800 ಸುತ್ತು. ಅದೇ ಜಾಗದಲ್ಲಿ 750 ಎಂದಿದ್ದರೆ ವೇಗ 1,500ಕ್ಕೆ ಇಳಿಯುತ್ತದೆ, ಅಂದರೆ ಆ ಎಂಜಿನ್ ಬಹುಶಃ ಜನರೇಟರಿಗೆ ಹೊಂದಿಸಿದ್ದಾಗಿರುತ್ತದೆ. ವ್ಯತ್ಯಾಸ ಸಣ್ಣದಲ್ಲ. ತಿರುಗುಬಲವನ್ನು ನ್ಯೂಟನ್ ಮೀಟರುಗಳಲ್ಲಿ ಹಿಡಿದು, ನಿಮಿಷದ ಸುತ್ತುಗಳಿಂದ ಗುಣಿಸಿ 9,549ರಿಂದ ಭಾಗಿಸಿದರೆ ಕಿಲೋವ್ಯಾಟ್ ಬರುತ್ತದೆ; 320 ನ್ಯೂಟನ್ ಮೀಟರ್ ಕೊಡುವ ಎಂಜಿನ್ 2,800 ಸುತ್ತಿನಲ್ಲಿ ಸುಮಾರು 94 ಕಿಲೋವ್ಯಾಟ್ ನೀಡಿದರೆ, 1,500 ಸುತ್ತಿನಲ್ಲಿ ಅದೇ ಬಲಕ್ಕೆ ಸಿಗುವುದು ಸುಮಾರು 50 ಮಾತ್ರ. ಬ್ಲಾಕಿನ ಮೇಲಿನ ಒಂದಕ್ಷರವೂ ಬದಲಾಗಿರುವುದಿಲ್ಲ!

ಹಳೆಯ ಪುಸ್ತಿಕೆಗಳಲ್ಲಿರುವ ಅಂಕಿಗಳನ್ನು ಹೋಲಿಸುವಾಗ ಮಾನವನ್ನೂ ನೋಡಬೇಕು. ಮೆಟ್ರಿಕ್ ಅಶ್ವಶಕ್ತಿ 735.5 ವ್ಯಾಟ್, ಬ್ರಿಟಿಷರದು 745.7 ವ್ಯಾಟ್, ಈ ಅಂತರ ಅಲ್ಪ. ಫ್ಯಾನು, ಸೈಲೆನ್ಸರ್‌ಗಳನ್ನು ಬಿಚ್ಚಿ ಅಳೆದ ಶಕ್ತಿಗೂ ಎಲ್ಲವನ್ನೂ ಜೋಡಿಸಿ ಅಳೆದ ಶಕ್ತಿಗೂ ಇರುವ ಅಂತರ ಅದಕ್ಕಿಂತ ದೊಡ್ಡದು.

ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿರುವ ಬೆಳಗಾವಿಯಲ್ಲಿ ಗಾಳಿಯ ಸಾಂದ್ರತೆ ಸುಮಾರು ಶೇಕಡಾ 7ರಷ್ಟು ಕಡಿಮೆಯಿರುವುದರಿಂದ, ಟರ್ಬೊ ಇಲ್ಲದ ಎಂಜಿನ್ ಪುಸ್ತಿಕೆಯಲ್ಲಿ ಹೇಳಿದ ಪೂರ್ಣ ಶಕ್ತಿಯನ್ನು ಇಲ್ಲಿ ಕೊಡಲಾರದು. ಆ ಕೊರತೆ ತುಂಬಲೆಂದು ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಹೆಚ್ಚಿಸಿದರೆ, ಉರಿಸಲು ಬೇಕಾದಷ್ಟು ಗಾಳಿ ಇಲ್ಲದ ಕಾರಣ ಹೆಚ್ಚುವುದು ಮುಖ್ಯವಾಗಿ ಕಪ್ಪು ಹೊಗೆ ಮತ್ತು ಪಿಸ್ಟನ್ನುಗಳ ಮೇಲಿನ ಕಾವು.