ಕಿರ್ ಎಂದದ್ದು ಗೇರಿನ ಹಲ್ಲಲ್ಲ

ಚಿತ್ರದುರ್ಗ, ಹೊಳಲ್ಕೆರೆ ಕಡೆ ಹಳೇ ಫೋರ್ ವೀಲ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಕೊಡಬಲ್ಲ) ಜೀಪು, ಜಿಪ್ಸಿ ಕೊಳ್ಳುವವರು ಮೊದಲು ಬಾಡಿ ತಟ್ಟಿ ನೋಡುತ್ತಾರೆ, ಆಮೇಲೆ ಒಂದು ಸುತ್ತು ಓಡಿಸುತ್ತಾರೆ. ಎರಡನೇ ಗೇರಿಗೆ ಬೀಳುವಾಗ ‘ಕಿರ್’ ಎಂದರೆ ಪಕ್ಕದಲ್ಲಿ ಕೂತವರ ತೀರ್ಪು ತಯಾರು: “ಗೇರಿನ ಹಲ್ಲು ಸವದೈತಣ್ಣ, ದಪ್ಪ ಆಯಿಲ್ ಹಾಕ್ಸು, ಸರಿ ಆಕ್ಕತಿ.” ಎರಡು ಮಾತೂ ತಪ್ಪು.

ಸಿಂಕ್ರೊ, ಅಂದರೆ ಗೇರ್ ಬೀಳುವ ಮೊದಲು ವೇಗ ಹೊಂದಿಸುವ ವ್ಯವಸ್ಥೆ, ಇರುವ ಗೇರುಗಳ ದೊಡ್ಡ ಹಲ್ಲುಗಳು ಸದಾ ಕಚ್ಚಿಕೊಂಡೇ ತಿರುಗುತ್ತವೆ. ಲಿವರ್ ಸರಿಸುವುದು ಶಾಫ್ಟಿನ ಮೇಲೆ ಜಾರುವ ಬಳೆಯಂಥ ಸ್ಲೀವನ್ನು ಮಾತ್ರ. ಅದು ಹೋಗಿ ಗೇರಿನ ಪಕ್ಕದಲ್ಲಿರುವ ಸಣ್ಣ ಹಲ್ಲುಗಳ ಸಾಲಿಗೆ ಕೂರಬೇಕು, ಕೂರಲು ಎರಡರ ವೇಗವೂ ಒಂದಾಗಬೇಕು. ಓಡುವ ಬಸ್ಸು ಹತ್ತುವವನು ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡಿ ಕಂಬಿ ಹಿಡಿಯುತ್ತಾನಲ್ಲ, ಆ ನಾಲ್ಕು ಹೆಜ್ಜೆ ಓಡಿಸುವುದು ಹಿತ್ತಾಳೆಯ ಸಿಂಕ್ರೊ ರಿಂಗು. ರಿಂಗಿನ ಒಳಮೈ ಲೋಟದಂತೆ ಓರೆ, ಅದು ಕೂರುವ ಗೇರಿನ ಕೊರಳೂ ಅಷ್ಟೇ ಓರೆ. ಸ್ಟೀಲ್ ಲೋಟದೊಳಗೆ ಲೋಟ ಒತ್ತಿಬಿಟ್ಟರೆ ಬಿಡಿಸಲು ಎಷ್ಟು ಪರದಾಡುತ್ತೇವೆ! ಅದೇ ಹಿಡಿತ ಇಲ್ಲಿಯೂ ಕೆಲಸ ಮಾಡುತ್ತದೆ. ಆದರೆ ನಡುವೆ ಎಣ್ಣೆ ಇದೆ. ಅದನ್ನು ಸೀಳಲು ರಿಂಗಿನ ಒಳಮೈಯಲ್ಲಿ ಸಣ್ಣ ಗೀರುಗಳಿವೆ. ಬೋಳು ಟೈರು ಮಳೆನೀರಿನ ಮೇಲೆ ಜಾರುವ ಹಾಗೆ ಗೀರು ಸವೆದ ರಿಂಗು ಎಣ್ಣೆಯ ಮೇಲೆ ಜಾರುತ್ತದೆ, ವೇಗ ಕೂಡುವ ಮೊದಲೇ ಸ್ಲೀವು ಬಂದು ಬಡಿಯುತ್ತದೆ. ಗೇರ್‌ಬಾಕ್ಸ್ ಬಿಚ್ಚಿದಾಗ ರಿಂಗನ್ನು ಗೇರಿಗೆ ಒತ್ತಿ, ನಡುವಿನ ಸಂದಿಗೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ತೂರಿಸಿ ನೋಡಿ. ಅನೇಕ ಮಾಡೆಲ್‌ಗಳಲ್ಲಿ ಸಂದಿ ಸುಮಾರು 0.5 ಮಿ.ಮೀ.ಗಿಂತ ಕಿರಿದಾದರೆ ರಿಂಗು ಮುಗಿಯಿತು.

ಸಿಂಕ್ರೊ ಮೊದಲು ಬಂದದ್ದು 1928ರಲ್ಲಿ, ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿಗೆ ಮೂರು ಗೇರು, ಸಿಂಕ್ರೊ ಇದ್ದದ್ದು ಎರಡು, ಮೂರಕ್ಕೆ ಮಾತ್ರ. ಆ ಸಂತತಿಯ ಮೂರು ಗೇರಿನ ಜೀಪು ಉರುಳುತ್ತಿರುವಾಗ ಫಸ್ಟಿಗೆ ಹಾಕಿ, ಕಿರ್ ಎಂದಿತೆಂದು ಬೆಲೆ ಇಳಿಸುವುದು ನ್ಯಾಯವಲ್ಲ.

ದಪ್ಪ ಆಯಿಲ್ ಬೇರಿಂಗಿನ ಗೊರಗೊರ ಮುಚ್ಚುತ್ತದೆ, ರಿಂಗಿನ ಕೆಲಸವನ್ನು ಮತ್ತಷ್ಟು ಕಷ್ಟ ಮಾಡುತ್ತದೆ. ಹಾಗಾಗಿ ಪರೀಕ್ಷೆ ಎರಡು ಸಲ: ಬೆಳಿಗ್ಗೆ ತಣ್ಣಗಿರುವಾಗ ಗೇರ್ ಬೀಳುವುದನ್ನು ನೋಡಿ, 15 ಕಿ.ಮೀ. ಓಡಿಸಿ ಬಿಸಿಯಾದ ಮೇಲೆ ಸದ್ದು ಕೇಳಿ. ನ್ಯೂಟ್ರಲ್‌ನಲ್ಲಿದ್ದ ಸದ್ದು ಕ್ಲಚ್ ಒತ್ತಿದಾಗ ನಿಂತರೆ ಗೇರ್‌ಬಾಕ್ಸಿನೊಳಗಿನ ಬೇರಿಂಗ್, ಒತ್ತಿದಾಗಲೇ ಶುರುವಾದರೆ ಕ್ಲಚ್ ಬೇರಿಂಗ್. 30 ಕಿ.ಮೀ. ವೇಗದಲ್ಲಿ ಮೂರರಿಂದ ಎರಡಕ್ಕೆ ಇಳಿಸಿ. ಕಿರ್ ಎಂದರೆ ಮತ್ತೊಮ್ಮೆ ಡಬಲ್ ಕ್ಲಚ್ ಮಾಡಿ (ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟು, ಆಕ್ಸಿಲರೇಟರ್ ಕೊಟ್ಟು, ಮತ್ತೆ ಕ್ಲಚ್ ಒತ್ತಿ) ಇಳಿಸಿ. ಆಗ ಸದ್ದಿಲ್ಲದೆ ಬಿದ್ದರೆ ರಿಂಗಿನದೇ ದೋಷ. ನಿಂತ ಗಾಡಿಯಲ್ಲಿ ಕ್ಲಚ್ ಒತ್ತಿ ಐದು ಸೆಕೆಂಡ್ ಕಾದರೂ ರಿವರ್ಸ್ ಕಿರುಗುಟ್ಟಿದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ, ಗೇರ್‌ಬಾಕ್ಸನ್ನು ಬೈಯಬೇಡಿ. ಜೋಗಿಮಟ್ಟಿಯಂಥ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಗೇರ್ ತಾನಾಗಿ ನ್ಯೂಟ್ರಲ್‌ಗೆ ಹಾರಿದರೆ ಮಾತ್ರ ಚಿಂತಿಸಿ: ಸಣ್ಣ ಹಲ್ಲು, ಸ್ಲೀವನ್ನು ಸರಿಸುವ ಫೋರ್ಕು, ಬೇರಿಂಗು, ಯಾವುದು ಸವೆದಿದ್ದರೂ ಇಳಿಸಿ ಬಿಚ್ಚಲೇಬೇಕು.

ಫೋರ್ ವೀಲ್ ಪರೀಕ್ಷೆ ಮಣ್ಣಿನ ಮೇಲೆ ಮಾಡಿ. ಈ ಹಳೇ ಗಾಡಿಗಳಲ್ಲಿ ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ (ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಜೋಡಣೆ) ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳ ದಾರಿ ಹೆಚ್ಚು ಉದ್ದ, ಒಣ ಟಾರಿನ ಮೇಲೆ ಆ ಎಳೆದಾಟ ಶಾಫ್ಟುಗಳಲ್ಲೇ ತಿರುಚಿ ಕೂತು ಫೋರ್ ವೀಲ್ ಲಿವರ್ ಬಿಗಿಯುತ್ತದೆ. ನೇರವಾಗಿ ಕೆಲವು ಅಡಿ ರಿವರ್ಸ್ ಬಂದರೆ ಸಾಮಾನ್ಯವಾಗಿ ಸಡಿಲುತ್ತದೆ.

ಕೊನೆಗೆ ಆಯಿಲ್. ಮೊದಲು ತುಂಬುವ ಬಿರಡೆ ಬಿಚ್ಚಿ, ಆಮೇಲೆ ಕೆಳಗಿನದು. ಮೇಲಿನದು ತುಕ್ಕು ಹಿಡಿದು ಕೂತಿದ್ದರೆ ಆಯಿಲ್ ಖಾಲಿಯಾದ ಗಾಡಿ ಅಲ್ಲೇ ಉಳಿಯುತ್ತದೆ. ಬಿರಡೆಯ ಅಯಸ್ಕಾಂತಕ್ಕೆ ಅಂಟಿದ ಬೂದು ಪೇಸ್ಟ್ ಸಹಜ. ಉಗುರಿಗೆ ತಾಗುವ ಚೂರಿದ್ದರೆ ಕೆಟ್ಟದ್ದು. ಆಯಿಲನ್ನು ಬೆರಳಲ್ಲಿ ಉಜ್ಜಿ ಬಿಸಿಲಿಗೆ ಹಿಡಿದಾಗ ಹಳದಿ ಮಿನುಗಿದರೆ ರಿಂಗಿನ ಹಿತ್ತಾಳೆ. ಅಯಸ್ಕಾಂತ ಅದನ್ನು ಹಿಡಿಯುವುದಿಲ್ಲ. ಆಯಿಲ್ ಹಾಲುಬಣ್ಣವಾಗಿದ್ದರೆ ನೀರು ಸೇರಿದೆ. ಜೀಪಿನಲ್ಲಿ ಗೇರ್‌ಬಾಕ್ಸಿನ ಆಯಿಲ್ ಮಟ್ಟ ಇಳಿದು, ಬಲವನ್ನು ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನದು ಏರಿದ್ದರೆ ನಡುವಿನ ಸೀಲ್ ಹೋಗಿದೆ. ಹಾಗಿದ್ದರೆ ಎಷ್ಟು ದಿನ ಗೇರ್‌ಬಾಕ್ಸ್ ಎಣ್ಣೆಯಿಲ್ಲದೆ ಓಡಿದೆ ಎಂದು ಮಾರುವವರನ್ನು ಕೇಳಿ.