ಟಾನಿಕ್ ಚೆಲ್ಲಿದ ಅಂಗಿ

ಮೆಣಸಿನ ಗಿಡ ಜಾಸ್ತಿ ಹೂ ಬಿಡಲಿ ಅಂತ ಹೊಡೆಯುವ ಟಾನಿಕ್ ನೋಡಿದ್ದೀರಲ್ವಾ? ಕೆಲವು ಬಾಟಲಿಗಳಲ್ಲಿ ಇರುವುದು ನೈಟ್ರೋಬೆಂಜೀನ್. ಕೀಟನಾಶಕ ಅಂದರೆ ಜನ ಸ್ವಲ್ಪವಾದರೂ ಹೆದರುತ್ತಾರೆ. ಟಾನಿಕ್‌ಗೆ ಯಾರು ಹೆದರುತ್ತಾರೆ?

ಒಂದು ರಾತ್ರಿ ಕ್ಯಾಶುವಾಲ್ಟಿಗೆ ರೈತರೊಬ್ಬರನ್ನು ಕರೆತಂದರು. ತಲೆನೋವು, ಸುಸ್ತು. ತುಟಿ, ಉಗುರೆಲ್ಲ ನೇರಳೆ ಹಣ್ಣು ತಿಂದವರ ಹಾಗೆ. ಆದರೂ ಮಾತಾಡುತ್ತಿದ್ದಾರೆ. ರಕ್ತದ ಆಕ್ಸಿಜನ್ ಅಳೆಯಲು ಬೆರಳಿಗೆ ಹಾಕಿದ ಆಕ್ಸಿಮೀಟರ್ ಶೇಕಡಾ 85 ತೋರಿಸಿತು, ಆಕ್ಸಿಜನ್ ಕೊಟ್ಟರೂ 85, ಜಾಸ್ತಿ ಮಾಡಿದರೂ ಅಲ್ಲೇ ಕೂತಿತ್ತು. ಹತ್ತಿರ ಹೋದರೆ ಬೂಟ್ ಪಾಲಿಶ್ ವಾಸನೆ. ಸಿರಿಂಜಿಗೆ ಬಂದ ರಕ್ತ ಚಾಕೊಲೇಟ್ ಬಣ್ಣದ್ದು. ಒಂದು ಹನಿಯನ್ನು ಬಿಳಿ ಗಾಜ್ ಬಟ್ಟೆಯ ಮೇಲೆ ಬಿಟ್ಟು, ನನ್ನ ಬೆರಳು ಚುಚ್ಚಿ ಪಕ್ಕದಲ್ಲೇ ಇನ್ನೊಂದು ಹನಿ ಇಟ್ಟೆ. ನನ್ನದು ಕೆಂಪಗೇ ಇತ್ತು. ಅವರದ್ದು ಎಷ್ಟು ಹೊತ್ತು ಗಾಳಿಗಿಟ್ಟರೂ ಕಂದು.

"ಬೆಳಗ್ಗೆ ಬಾಟ್ಲಿ ಮೈಮೇಲೆ ಚೆಲ್ಕೊಂಡ್ರು ಸಾ, ಅದೇ ಅಂಗೀಲೇ ಸಂಜೆ ತನಕ ಕೆಲಸ ಮಾಡಿದ್ರು" ಅಂದರು ಹೆಂಡತಿ. ಆ ಅಂಗಿ ಆಗಲೂ ಮೈಮೇಲೇ ಇತ್ತು, ನಾನೂ ಅರ್ಧ ಗಂಟೆ ಗಮನಿಸಿರಲಿಲ್ಲ. ನೈಟ್ರೋಬೆಂಜೀನ್ ಚರ್ಮದ ಮೂಲಕವೂ ಸಲೀಸಾಗಿ ಒಳಗೆ ಹೋಗುತ್ತದೆ. ಬಟ್ಟೆ ಬಿಚ್ಚಿಸಿ ಸೋಪು ಹಾಕಿ ತೊಳೆಸಿದೆವು.

ಒಳಗೆ ಆಗುವುದಿಷ್ಟು. ಆಕ್ಸಿಜನ್ ಹೊರುವುದು ಹಿಮೋಗ್ಲೋಬಿನ್‌ನಲ್ಲಿರುವ ಕಬ್ಬಿಣ. ನೈಟ್ರೋಬೆಂಜೀನ್ ದೇಹದಲ್ಲಿ ಒಡೆದು ಬರುವ ರಾಸಾಯನಿಕಗಳು ಆ ಕಬ್ಬಿಣದಿಂದ ಒಂದು ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತವೆ. ಹಾಗಾದ ಹಿಮೋಗ್ಲೋಬಿನ್‌ಗೆ ಮೆಥಿಮೋಗ್ಲೋಬಿನ್ ಅಂತ ಹೆಸರು. ಅದಕ್ಕೆ ಆಕ್ಸಿಜನ್ ಹಿಡಿಯಲು ಬರುವುದಿಲ್ಲ, ಜೊತೆಗೆ ಉಳಿದ ಒಳ್ಳೆಯ ಕಬ್ಬಿಣವೂ ಹಿಡಿದ ಆಕ್ಸಿಜನ್ನನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ನಮ್ಮೆಲ್ಲರ ರಕ್ತದಲ್ಲೂ ಇದು ಸುಮಾರು ಶೇಕಡಾ 1 ಇರುತ್ತದೆ. 15 ದಾಟಿದರೆ ಮೈ ನೀಲಿ, 70 ದಾಟಿದರೆ ಬದುಕುವುದು ಕಷ್ಟ. ಆಕ್ಸಿಮೀಟರ್ ಬಿಡುವ ಕೆಂಪು, ಇನ್‌ಫ್ರಾರೆಡ್ ಎರಡೂ ಬೆಳಕನ್ನು ಇದು ಹೆಚ್ಚುಕಡಿಮೆ ಒಂದೇ ಸಮ ಹೀರುವುದರಿಂದ, ಪ್ರಮಾಣ ಎಷ್ಟೇ ಏರಿದರೂ ಪಾಪದ ಯಂತ್ರ 85ರ ಸುತ್ತಲೇ ಸಿಕ್ಕಿಕೊಳ್ಳುತ್ತದೆ.

ಮದ್ದು ಮೆಥಿಲೀನ್ ಬ್ಲೂ. ಲ್ಯಾಬಿನಲ್ಲಿ ಸ್ಲೈಡ್‌ಗೆ ಹಾಕುವ ಅದೇ ನೀಲಿ ಬಣ್ಣ. ಮೈತೂಕದ ಕಿಲೋಗೆ 1ರಿಂದ 2 ಮಿಲಿಗ್ರಾಂ, ನಿಧಾನಕ್ಕೆ ರಕ್ತನಾಳಕ್ಕೆ. ನೀಲಿಯಾದವರಿಗೆ ನೀಲಿ ಚುಚ್ಚುವುದು ತಮಾಷೆ ಅನ್ನಿಸುತ್ತದೆ, ಆದರೆ ಗಂಟೆಯೊಳಗೆ ತುಟಿ ಕೆಂಪಾಯಿತು. ಹುಟ್ಟಿನಿಂದಲೇ ಜಿ6ಪಿಡಿ ಕಿಣ್ವ ಕಡಿಮೆ ಇರುವವರಿಗೆ ಮಾತ್ರ ಇದು ನಾಟುವುದಿಲ್ಲ, ಉಲ್ಟಾ ರಕ್ತಕಣಗಳೇ ಒಡೆಯಬಹುದು.

ಮರುದಿನ ಅವರು ಮನೆಗೆ ಹೊರಟು ನಿಂತಿದ್ದರು. ಬಿಡಲಿಲ್ಲ. ಈ ವಿಷ ಕೊಬ್ಬಿನಲ್ಲಿ ಅವಿತು, ಮತ್ತೆ ಮತ್ತೆ ರಕ್ತಕ್ಕೆ ಇಳಿಯುತ್ತದೆ. ಪೆಟ್ಟು ತಿಂದ ಕೆಂಪುಕಣಗಳು ಕೆಲವು ದಿನ ಬಿಟ್ಟೂ ಒಡೆಯುತ್ತವೆ. ನಾಲ್ಕನೇ ದಿನ ಅವರ ಮೂತ್ರ ಕಾಫಿ ಡಿಕಾಕ್ಷನ್ ಹಾಗೆ ಬಂತು, ಎರಡು ಬಾಟಲಿ ರಕ್ತ ಕೊಡಬೇಕಾಯಿತು.

ಡಿಸ್ಚಾರ್ಜ್ ದಿನ ಹೆಂಡತಿ ಪ್ಲಾಸ್ಟಿಕ್ ಕವರ್ ತೋರಿಸಿದರು. ಒಳಗೆ ಅದೇ ಅಂಗಿ. "ಹೊಸದು ಸಾ, ಒಗೆದು ಹಾಕ್ಕೋಬಹುದಾ?"

ಬೇಡಮ್ಮ ಅಂದೆ. ಕವರ್ ಬಿಚ್ಚದೇ ಗೊತ್ತಾಗುವಷ್ಟು ವಾಸನೆ ಇನ್ನೂ ಇತ್ತು.